ಬೋಟಿಂಗ್ ಕೆರೆಗೆ ಕೋಡಿ ಎಲ್ಲಿದೆ ಸ್ವಾಮಿ?

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮನೆಗೆ ಬಂದರೆ ನಿದ್ದೆ. ಆದರೆ ಇವತ್ತು ಸಂಜೆಯಿಂದ ಚಾಮರಾಜಪೇಟೆಯಲ್ಲಿ ಬಿಡದೆ ಮಳೆ ಸುರೀತಿದೆ, ನನ್ನ ತಲೆಯಲ್ಲಿ ಒಂದು ಮಣ್ಣಿನ ಏರಿ ಕೂತುಬಿಟ್ಟಿದೆ. ಬರೆದಾದರೂ ಹಗುರಾಗೋಣ ಅಂತ ಕೂತೆ.

ಒಂದೂವರೆ ತಿಂಗಳ ಹಿಂದೆ ನಮ್ಮ ಟೀಮ್ ಔಟಿಂಗ್ ಇತ್ತು. ಬೆಂಗಳೂರಿನಿಂದ ಎರಡು ಗಂಟೆ ದಾರಿಯ ಒಂದು ರೆಸಾರ್ಟು. ಹೆಸರು ಬೇಡ, ಯಾಕಂದ್ರೆ ಈ ಮಾತು ಆ ಒಂದು ಜಾಗದ್ದಲ್ಲ. ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಅದರಲ್ಲಿ ಕಯಾಕು, ಪೆಡಲ್ ಬೋಟು, ಮೇಲೆ ಜಿಪ್‌ಲೈನು. ಏರಿಯ ಮೇಲೆ ಸಾಲಾಗಿ ಗುಲ್‌ಮೊಹರ್ ಗಿಡ, ಕೂರೋಕೆ ಕಲ್ಲುಬೆಂಚು. ಫೋಟೋ ತೆಗೆದರೆ ಸ್ವಿಟ್ಜರ್‌ಲ್ಯಾಂಡ್ ಅನ್ನಬೇಕು, ಹಾಗಿದೆ.

ನಮ್ಮ ತಾತ ಮಾಗಡಿ ಕಡೆಯ ಹಳ್ಳಿಯವರು. ಕೆರೆ ಕಂಡರೆ ಎಲ್ಲರೂ ನೀರು ನೋಡಿದರೆ ಅವರು ಕೋಡಿ ನೋಡ್ತಿದ್ದರು. "ಕೆರೆ ಎಷ್ಟು ದೊಡ್ಡದು ಅಂತ ನೀರು ಹೇಳುತ್ತೆ, ಎಷ್ಟು ದಿನ ಇರುತ್ತೆ ಅಂತ ಕೋಡಿ ಹೇಳುತ್ತೆ" ಅನ್ನೋದು ಅವರ ಮಾತು. ಚಿಕ್ಕಂದಿನಲ್ಲಿ ಅವರ ಬೆರಳು ಹಿಡಿದು ಓಡಾಡಿದ್ದಕ್ಕೋ ಏನೋ, ನನಗೂ ಆ ಚಾಳಿ ಅಂಟಿದೆ. ಎಲ್ಲರೂ ಲೈಫ್ ಜಾಕೆಟ್ ಕಟ್ಟಿಕೊಳ್ಳುತ್ತಿದ್ದಾಗ ನಾನು ಏರಿಯ ಮೇಲೆ ನಡೆದು ಆ ತುದಿಗೆ ಹೋದೆ.

ಕೋಡಿ ಇತ್ತು. ಕಲ್ಲು ಹಾಸಿದ, ಎಂಟಡಿ ಅಗಲದ ಕೋಡಿ. ಆದರೆ ಅದಕ್ಕೆ ಅಡ್ಡಲಾಗಿ ಎರಡಡಿ ಎತ್ತರಕ್ಕೆ ಹಲಗೆ ಜೋಡಿಸಿ ಮಣ್ಣಿನ ಮೂಟೆ ಒತ್ತಿದ್ದರು. ಅದರ ಮುಂದೆ ಮೀನು ಹೊರಗೆ ಹೋಗದ ಹಾಗೆ ಕಬ್ಬಿಣದ ಬಲೆ, ಬಲೆಯ ತುಂಬಾ ಎಲೆ, ಪ್ಲಾಸ್ಟಿಕ್ ಬಾಟಲಿ. ಅಲ್ಲೇ ಹುಲ್ಲು ಕೀಳುತ್ತಿದ್ದ ಒಬ್ಬರನ್ನ ಕೇಳಿದೆ.

"ಇದೇನಣ್ಣ, ಕೋಡಿಗೆ ಹಲಗೆ?"

"ಬೇಸಿಗೇಲಿ ಬೋಟು ತಳ ತಾಗ್ತದೆ ಸಾ. ಅದಕ್ಕೆ ಎತ್ತರಿಸವ್ರೆ."

"ಮಳೆ ಜೋರಾದ್ರೆ?"

"ನಾವೇ ರಾತ್ರಿ ಎದ್ದು ಬಂದು ಕಿತ್ತಾಕ್ತೀವಿ. ನಮ್ ಮನೆ ಕೆಳಗೇ ಐತಲ್ಲ."

ಕೈ ತೋರಿಸಿದ ಕಡೆ ನೋಡಿದೆ. ಏರಿಯ ಕೆಳಗೆ, ಹಳ್ಳದ ಪಕ್ಕದಲ್ಲೇ ಮೂವತ್ತು ಮನೆ ಇರಬಹುದು. ಗೋಡೆಯ ಮೇಲೆ ಗಿಳಿ, ಮಾವಿನಹಣ್ಣು ಬರೆದಿರೋ ಒಂದು ಅಂಗನವಾಡಿ.

"ರೆಸಾರ್ಟಿನವರು ಹೇಳ್ತಾರಾ ಕೀಳೋಕೆ?"

"ಅವ್ರೆಲ್ಲಿ ಹೇಳ್ತಾರೆ ಸಾ... ಶನಿವಾರ ಭಾನುವಾರ ಕಿತ್ರೆ ಬೈತಾರೆ. ನೀರು ಕಮ್ಮಿ ಆಯ್ತು, ಗೆಸ್ಟ್ ಬಂದವ್ರೆ ಅಂತ."

ಊಟದ ಹೊತ್ತಿಗೆ ಮ್ಯಾನೇಜರ್ ಸಿಕ್ಕರು. ಪಾಪ, ಒಳ್ಳೆ ಮನುಷ್ಯ. ಗೋಡೆ ಮೇಲೆ ಅಗ್ನಿಶಾಮಕ ಸಿಲಿಂಡರ್, ಅದಕ್ಕೆ ತಾರೀಖು ಹಾಕಿದ ಚೀಟಿ. ಅಡುಗೆಮನೆಗೆ ಲೈಸೆನ್ಸು, ಫ್ರೇಮ್ ಹಾಕಿಸಿ ನೇತುಹಾಕಿದ್ದಾರೆ. ಬೋಟಿಂಗಿಗೆ ಲೈಫ್‌ಗಾರ್ಡ್. ಎಲ್ಲಾ ಸರಿಯಾಗಿದೆ. "ಡ್ಯಾಮನ್ನ ಯಾರು ಚೆಕ್ ಮಾಡ್ತಾರೆ ಸರ್?" ಅಂದೆ. ನಕ್ಕುಬಿಟ್ಟರು. "ಡ್ಯಾಮ್ ಅಲ್ಲ ಸರ್ ಇದು, ಲೇಕು!"

ಅಷ್ಟೇ ನೋಡಿ. ನೀರಿನ ಮುಂದೆ ನಿಂತು ನೋಡುವವರಿಗೆ ಅದು ಲೇಕು, ಏರಿಯ ಕೆಳಗೆ ಮಲಗುವವರಿಗೆ ಅದು ಡ್ಯಾಮು. ನಮ್ಮ ಕಾನೂನು ಇವತ್ತಿಗೂ ಲೇಕಿನ ಕಡೆ ನಿಂತೇ ನೋಡುತ್ತಿದೆ ಅನ್ನೋದು ನನ್ನ ದೂರು.

ಮನೆಗೆ ಬಂದು ಓದಿದೆ. ನಮ್ಮ ದೇಶಕ್ಕೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಅಂತ ಒಂದು ಬಂದದ್ದೇ 2021ರ ಡಿಸೆಂಬರಿನಲ್ಲಿ. ಒಳ್ಳೆಯ ಕಾಯ್ದೆ. ಡ್ಯಾಮಿನ ಒಡೆಯ ಸರ್ಕಾರವೋ ಖಾಸಗಿಯವರೋ, ಎಲ್ಲರಿಗೂ ಅನ್ವಯ. ಮಳೆಗಾಲಕ್ಕೆ ಮುಂಚೆ ಒಂದು ತಪಾಸಣೆ, ಆಮೇಲೆ ಒಂದು. ಒಡೆದರೆ ಏನು ಮಾಡಬೇಕು ಅನ್ನೋ ತುರ್ತು ಯೋಜನೆ. ತಪ್ಪಿದರೆ ಜೈಲು ಕೂಡಾ. ಆದರೆ ಯಾವ ಡ್ಯಾಮಿಗೆ? ಎತ್ತರ 15 ಮೀಟರಿಗಿಂತ ಹೆಚ್ಚಿರಬೇಕು. 10ರಿಂದ 15 ಮೀಟರ್ ಇದ್ದರೆ ಇನ್ನೊಂದು ಷರತ್ತು ಕೂಡಬೇಕು: ಅರ್ಧ ಕಿಲೋಮೀಟರ್ ಉದ್ದದ ಏರಿ, ಅಥವಾ 10 ಲಕ್ಷ ಘನ ಮೀಟರ್ ನೀರು, ಅಥವಾ ಸೆಕೆಂಡಿಗೆ 2000 ಘನ ಮೀಟರ್ ಪ್ರವಾಹ, ಇಲ್ಲವೇ ತೊಡಕಿನ ತಳಪಾಯ, ವಿಚಿತ್ರ ವಿನ್ಯಾಸ. 10 ಮೀಟರಿಗಿಂತ ಕಡಿಮೆ ಇದ್ದರೆ ಈ ಕಾಯ್ದೆಯ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ನಾನು ನಿಂತಿದ್ದ ಏರಿ ಹೆಚ್ಚೆಂದರೆ ಆರು ಮೀಟರ್.

ಆರು ಮೀಟರ್ ಅಂದ್ರೆ ಚಿಕ್ಕದು ಅಂತೀರಾ? ಲೆಕ್ಕ ಹಾಕೋಣ ಬನ್ನಿ. ಎರಡು ಎಕರೆ ನೀರು, ಸರಾಸರಿ ಮೂರು ಮೀಟರ್ ಆಳ ಅಂತ ಇಟ್ಕೊಳ್ಳಿ. ಸುಮಾರು 24 ಸಾವಿರ ಘನ ಮೀಟರ್. ಅಂದ್ರೆ ಎರಡು ಕೋಟಿ ನಲವತ್ತು ಲಕ್ಷ ಲೀಟರು. ನಮ್ಮ ಬೀದಿಗೆ ಬರೋ ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಾಲ್ಕು ಸಾವಿರ ಟ್ಯಾಂಕರು. ಅದೂ ಒಂದೊಂದಾಗಿ ಬರೋದಲ್ಲ, ಏರಿ ಬಾಯಿ ಬಿಟ್ಟರೆ ಒಟ್ಟಿಗೆ ಬರೋದು. ಜೊತೆಗೆ ಮಣ್ಣು, ಕಲ್ಲು, ಗುಲ್‌ಮೊಹರ್ ಮರ.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮಗೆಲ್ಲಾ 'ಎಲಿಮೆಂಟ್ಸ್ ಆಫ್ ಸಿವಿಲ್' ಅಂತ ಒಂದು ಪೇಪರ್ ಇತ್ತು. ಕಂಪ್ಯೂಟರ್ ಸೈನ್ಸಿನವರಿಗೆ ಇದ್ಯಾಕೆ ಅಂತ ಬೈಕೊಂಡೇ ಪಾಸಾದವನು ನಾನು. ಈಗ ಅದೇ ಪಾಠ ತಿರುವಿ ಹಾಕಿದೆ. ಮಣ್ಣಿನ ಏರಿ ಸಾಯೋದು ಮುಖ್ಯವಾಗಿ ಎರಡು ರೀತಿ. ಒಂದು, ಕೋಡಿ ಸಾಲದೆ ನೀರು ಏರಿಯ ತಲೆಯ ಮೇಲಿಂದ ಹರಿಯೋದು. ಕಲ್ಲಿನ ಅಣೆಕಟ್ಟು ಅದನ್ನ ತಡೆದೀತು, ಮಣ್ಣು ತಡೆಯಲ್ಲ. ಹಿಂಭಾಗ ಕೊರೆದುಕೊಂಡು ಹೋಗಿ ಗಂಟೆಗಳಲ್ಲೇ ಏರಿ ಖಾಲಿ. ಎರಡು, ಏರಿಯ ಒಳಗೇ ನೀರು ಸಣ್ಣ ದಾರಿ ಮಾಡಿಕೊಳ್ಳೋದು. ಇಲಿ ಬಿಲ, ಏಡಿ ಬಿಲ, ಒಣಗಿ ಕೊಳೆತ ಮರದ ಬೇರು, ಹಳೇ ಪೈಪಿನ ಅಂಚು, ಎಲ್ಲಿ ಸಂದು ಸಿಕ್ಕರೆ ಅಲ್ಲಿ. ಮೊದಲು ಒಸರುತ್ತೆ. ಆಮೇಲೆ ಒಸರಿನ ನೀರು ಕೆಂಪಗಾಗುತ್ತೆ, ಅಂದ್ರೆ ಒಳಗಿನ ಮಣ್ಣು ಹೊರಗೆ ಬರ್ತಿದೆ. ಅಷ್ಟು ಹೊತ್ತಿಗೆ ಯಾರಾದರೂ ನೋಡಬೇಕು. ನೋಡೋಕೆ ಒಬ್ಬರು ಇರಬೇಕು. ಆಮೇಲೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹಲಗೆ, ಬಲೆ, ಬೋಟಿಂಗು... ಈ ಕತೆ ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸ್ತಿತ್ತು. ಓದಿದ್ದೇ ಹೌದು. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಮು. ಕಾಲುವೆಗೆ ನೀರು ಕೊಡೋಕೆ ಸರ್ಕಾರ ಕಟ್ಟಿಸಿದ್ದು, ಆಮೇಲೆ ಕೈ ಬದಲಾಗಿ 1879ರಲ್ಲಿ ಶ್ರೀಮಂತರ ಒಂದು ಮೀನು ಬೇಟೆ ಕ್ಲಬ್ಬಿನ ಪಾಲಾಯ್ತು. ಕಾರ್ನೆಗಿ, ಫ್ರಿಕ್ ಅಂಥ ಉಕ್ಕಿನ ದೊರೆಗಳೆಲ್ಲಾ ಅದರ ಸದಸ್ಯರು. ಡ್ಯಾಮಿನ ತಳದಲ್ಲಿ ನೀರು ಬಿಡೋಕೆ ಇದ್ದ ಕಬ್ಬಿಣದ ಪೈಪುಗಳನ್ನ ಹಿಂದಿನ ಒಡೆಯ ಕಿತ್ತು ಗುಜರಿಗೆ ಮಾರಿದ್ದ. ಕ್ಲಬ್ಬು ಅದನ್ನ ಮತ್ತೆ ಹಾಕಿಸಲಿಲ್ಲ. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲಿ ಅಂತ ಕೋಡಿಗೆ ಜಾಲರಿ ಹಾಕಿದರು. ಕೆಳಗಿನ ಕಬ್ಬಿಣ ಕಾರ್ಖಾನೆಯವರು ತಮ್ಮ ಇಂಜಿನಿಯರನ್ನ ಕಳಿಸಿ ಪರೀಕ್ಷೆ ಮಾಡಿಸಿ ಎಚ್ಚರಿಸಿದರೂ ಕ್ಲಬ್ಬಿನವರು ಏನೂ ಆಗಲ್ಲ ಅಂದರು. 1889ರ ಮೇ 31ರಂದು ಭಾರೀ ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತು, ನೀರು ಏರಿಯ ಮೇಲಿಂದ ಹರಿಯಿತು, ಏರಿ ಹೋಯಿತು. ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದಲ್ಲಿ ಸತ್ತವರು 2209 ಜನ. ಕ್ಲಬ್ಬಿನವರಿಗೆ ಕೋರ್ಟಿನಲ್ಲಿ ಒಂದು ಕೂದಲೂ ಕೊಂಕಲಿಲ್ಲ.

ನೂರಮೂವತ್ತು ವರ್ಷ ಹಳೇ ಕತೆ, ಬಿಡಿ ಅಂತೀರಾ? 2006ರ ಮಾರ್ಚಿನಲ್ಲಿ ಹವಾಯಿಯ ಖಾಸಗಿ ಜಮೀನಿನ ಕಾ ಲೋಕೋ ಡ್ಯಾಮು ಒಡೆದು ಏಳು ಜನ ಹೋದರು. ಅಲ್ಲೂ ಪ್ರಶ್ನೆ ಎದ್ದದ್ದು ಕೋಡಿ ಎಲ್ಲಿ ಹೋಯಿತು ಅಂತಲೇ. 2018ರ ಮೇ ತಿಂಗಳಲ್ಲಿ ಕೀನ್ಯಾದ ಸೋಲಾಯ್‌ನಲ್ಲಿ ಒಂದು ದೊಡ್ಡ ಖಾಸಗಿ ತೋಟದ ಏರಿ ರಾತ್ರಿ ಹೊತ್ತು ಒಡೆದು, ಕೆಳಗೆ ಮಲಗಿದ್ದವರಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ಪಕ್ಕದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ 2019ರ ಜುಲೈ 2ರ ರಾತ್ರಿ ತಿವರೆ ಅನ್ನೋ ಸಣ್ಣ ನೀರಾವರಿ ಡ್ಯಾಮು ಹೋಯಿತು. ಅದು ಸರ್ಕಾರದ್ದೇ. ಸೋರ್ತಿದೆ ಅಂತ ಊರವರು ಮೊದಲೇ ದೂರಿದ್ದರು. ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದ್ದು ನಿಮಗೂ ನೆನಪಿರಬಹುದು. ಏಡಿ ತಾನೇ ಪಾಪ ಪತ್ರಿಕಾಗೋಷ್ಠಿ ಕರೆಯುತ್ತಾ? :)

ಬೇರೆಯವರ ಮಾತು ಯಾಕೆ, ನಮ್ಮೂರನ್ನೇ ನೋಡಿ. ನಮ್ಮಪ್ಪ ಚಿಕ್ಕಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು. ಅವರಿಗೆ ಊಟದ ಡಬ್ಬಿ ಕೊಡೋಕೆ ಹೋಗುವಾಗ ಟ್ಯಾಂಕ್ ಬಂಡ್ ರೋಡ್ ಅಂತ ಬೋರ್ಡ್ ನೋಡಿ, ಟ್ಯಾಂಕ್ ಎಲ್ಲಪ್ಪಾ ಅಂತ ಹುಡುಕ್ತಿದ್ದೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಆ ಟ್ಯಾಂಕು! ಪೇಟೆಗೆ ನೀರು ಕೊಡ್ತಿದ್ದ ಧರ್ಮಾಂಬುಧಿ ಕೆರೆ. ಬಸ್ಸು ನಿಲ್ಲೋದು ಕೆರೆಯಂಗಳದಲ್ಲಿ, ಹೆಸರು ಉಳಿದಿರೋದು ಏರಿಗೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಉಳಿದಿರೋ ಗವಿಪುರದ ಕೆಂಪಾಂಬುಧಿ, 1882ರಲ್ಲಿ ಕಟ್ಟಿದ ಮಲ್ಲೇಶ್ವರದ ಸ್ಯಾಂಕಿ ಕೆರೆ, ಇವೆಲ್ಲಾ ಈಗ ನಮಗೆ ವಾಕಿಂಗ್ ಜಾಗ. ಏರಿಯ ಮೇಲೆ ಓಡಾಡೋ ನಮಗೆ ಅದು ರಸ್ತೆ. ಅದು ನೀರು ಹೊತ್ತು ನಿಂತಿರೋ ಗೋಡೆ ಅನ್ನೋದೇ ಮರೆತುಹೋಗಿದೆ.

ಮರೆತದ್ದು ಆಗಾಗ ನೆನಪು ಮಾಡುತ್ತೆ. 2019ರ ಅಕ್ಟೋಬರಿನಲ್ಲಿ ಹೊಸಕೆರೆಹಳ್ಳಿ ಕೆರೆ ಒಡೆದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನವೆಂಬರ್ 24ಕ್ಕೆ ಹುಳಿಮಾವು. ಬಿಸಿಲಿದ್ದ ಒಂದು ಭಾನುವಾರ ಯಾರೋ ಏರಿಯನ್ನ ಜೆಸಿಬಿಯಲ್ಲಿ ಅಗೆದರು, ನೂರಾರು ಮನೆಗೆ ನೀರು. ಅಗೆಸಿದ್ದು ಯಾರು ಅನ್ನೋದಕ್ಕೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಅದು ಎಲ್ಲರ ಕಣ್ಣ ಮುಂದೆ ಇರೋ ಸರ್ಕಾರಿ ಕೆರೆ. ಗೇಟು ಹಾಕಿದ ರೆಸಾರ್ಟಿನ ಒಳಗಿರೋದರ ಗತಿ ಏನು?

ಖಾಸಗಿಯವರ ಕೈಗೆ ಕೆರೆ ಕೊಟ್ಟು ಮೋಜಿನ ತಾಣ ಮಾಡೋ ಪ್ರಯೋಗವೂ ನಮ್ಮಲ್ಲಿ ಆಗಿದೆ. 2000ದ ದಶಕದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ವರದಿ ಕೊಟ್ಟಿತು, 2012ರಲ್ಲಿ ತೀರ್ಪು ಬಂತು. ಕೆರೆ ಯಾರದು, ಟಿಕೆಟ್ ಇಲ್ಲದವರಿಗೆ ದಂಡೆ ಇದೆಯೋ ಇಲ್ಲವೋ, ಹಕ್ಕಿಗಳ ಪಾಡೇನು ಅಂತ ಆಗ ದೊಡ್ಡ ಚರ್ಚೆ ಆಯ್ತು. ಬೇಕಾದ ಚರ್ಚೆಯೇ. ಆದರೆ ನೀರಿನ ಹಕ್ಕಿನ ಬಗ್ಗೆ ನಾವು ಮಾತಾಡಿದಷ್ಟು ನೀರಿನ ಭಾರದ ಬಗ್ಗೆ ಮಾತಾಡಿಲ್ಲ ಅನ್ನಿಸುತ್ತೆ.

ಹಿಂದಿನವರಿಗೆ ಈ ಎರಡೂ ಗೊತ್ತಿತ್ತು. ಕೆರೆ ಅಂದ್ರೆ ಏರಿ, ತೂಬು, ಕೋಡಿ ಮೂರೂ ಸೇರಿದ್ದು. ಅದರ ಜೊತೆ ನಾಲ್ಕನೆಯವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡೋನು ಅವನೇ, ಮಳೆಗಾಲದಲ್ಲಿ ಏರಿ ಸುತ್ತಿ ಬಿಲ ಮುಚ್ಚಿಸೋನೂ ಅವನೇ. ಅವನಿಗೆ ಊರಿನವರು ಸುಗ್ಗಿಯಲ್ಲಿ ಕಾಳು ಅಳೆದು ಕೊಡ್ತಿದ್ದರು. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಕೆರೆಗೆ ಒಬ್ಬ ಆನ್‌ಕಾಲ್ ಇಂಜಿನಿಯರ್ ಇದ್ದ, ಅವನಿಗೆ ಸಂಬಳವೂ ಇತ್ತು. ಈಗ ರೆಸಾರ್ಟಿನ ಕೆರೆಗೂ ನೀರುಗಂಟಿ ಇದ್ದಾನೆ. ಹುಲ್ಲು ಕೀಳ್ತಾ ನನ್ನ ಜೊತೆ ಮಾತಾಡಿದ ಆ ಅಣ್ಣ. ಆದರೆ ಆ ಕೆಲಸಕ್ಕೆ ಅವನಿಗೆ ಸಂಬಳ ಇಲ್ಲ, ಅಧಿಕಾರ ಇಲ್ಲ, ಶನಿವಾರ ಮಾಡಿದರೆ ಬೈಗುಳ.

ಇನ್ನೊಂದು ಮಾತು. "ಹತ್ತು ವರ್ಷದಿಂದ ಇದೆ ಸರ್, ಏನೂ ಆಗಿಲ್ಲ" ಅಂದರು ಮ್ಯಾನೇಜರ್. ಹಿರಿಯೂರಿನ ವಾಣಿ ವಿಲಾಸ ಸಾಗರ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ! ಮತ್ತೆ ಮೂರೇ ವರ್ಷದೊಳಗೆ, 2025ರ ಜನವರಿಯಲ್ಲಿ. ನಮ್ಮ ಕೋಡಿನಲ್ಲಿ 89 ವರ್ಷ ಒಮ್ಮೆಯೂ ಓಡದ ಎಂಥದೋ ಎರರ್ ಹ್ಯಾಂಡ್ಲರ್ ಇದ್ದಿದ್ದರೆ ಯಾವನಾದರೂ ಜಾಣ "ಬೇಡದ ಕೋಡು" ಅಂತ ಡಿಲೀಟ್ ಮಾಡಿರ್ತಿದ್ದ. ಆದರೆ ಕರೆದ ದಿನ ಅದು ಓಡಲೇಬೇಕು. ಅಲ್ಲಿ ಓಡಿತು, ಯಾಕಂದ್ರೆ ಆ ಕೋಡಿಯನ್ನ ಯಾರೂ ಬೋಟಿಂಗಿಗೆ ಅಂತ ಮುಚ್ಚಿರಲಿಲ್ಲ. ಏನೂ ಆಗಿಲ್ಲ ಅನ್ನೋದು ಸುರಕ್ಷಿತ ಅನ್ನೋದಕ್ಕೆ ಸಾಕ್ಷಿ ಅಲ್ಲ; ಆ ಮಳೆ ಇನ್ನೂ ಬಂದಿಲ್ಲ ಅಷ್ಟೇ.

ಹಾಗಾದ್ರೆ ಏನು ಮಾಡಬೇಕು? ಸಣ್ಣಪುಟ್ಟ ರೈತನ ಕೃಷಿಹೊಂಡಕ್ಕೂ ಇನ್‌ಸ್ಪೆಕ್ಟರ್ ಕಳಿಸಿ ಕಾಸು ಕೀಳಿಸಬೇಕಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸುಲಭ. ನೆಲದೊಳಗೆ ತೋಡಿದ ಹೊಂಡ ಒಡೆಯಲ್ಲ. ನೆಲಮಟ್ಟಕ್ಕಿಂತ ಮೇಲೆ ಏರಿ ಹಿಡಿದು ನಿಲ್ಲಿಸಿದ ನೀರು ಮಾತ್ರ ಒಡೆಯುತ್ತೆ. ಇಂಗ್ಲೆಂಡಿನಲ್ಲಿ ಲೆಕ್ಕ ಹಾಕೋದು ಹಾಗೇ. 1925ರಲ್ಲಿ ವೇಲ್ಸಿನ ಡೊಲ್ಗಾರೊಗ್‌ನಲ್ಲಿ ಡ್ಯಾಮ್ ಒಡೆದು 16 ಜನ ಸತ್ತ ಮೇಲೆ 1930ರಲ್ಲಿ ಕಾನೂನು ತಂದರು, 1975ರಲ್ಲಿ ಬಿಗಿ ಮಾಡಿದರು. ಸುತ್ತಲಿನ ನೆಲಕ್ಕಿಂತ ಮೇಲೆ 25 ಸಾವಿರ ಘನ ಮೀಟರ್ ನೀರು ನಿಲ್ಲಿಸೋ ಯಾರೇ ಆಗಲಿ, ನೋಂದಣಿ ಮಾಡಿಸಬೇಕು. ಮೀನು ಹಿಡಿಯೋ ಕ್ಲಬ್ಬಾಗಲಿ, ಬಂಗಲೆ ಮುಂದಿನ ಕೊಳವಾಗಲಿ. ಅಪಾಯ ಇರೋದಕ್ಕೆ ಒಬ್ಬ ಮೇಲ್ವಿಚಾರಣೆ ಇಂಜಿನಿಯರು, ಹತ್ತು ವರ್ಷಕ್ಕೊಮ್ಮೆ ಬೇರೆ ಇಂಜಿನಿಯರಿಂದ ಪೂರ್ತಿ ತಪಾಸಣೆ. ನಮ್ಮ ಕಾಯ್ದೆಯ 10 ಲಕ್ಷ ಎಲ್ಲಿ, ಅವರ 25 ಸಾವಿರ ಎಲ್ಲಿ!

ನನ್ನ ಪಟ್ಟಿ ಇಷ್ಟೇ:

1. ಎತ್ತರ ನೋಡಿ ಅಲ್ಲ, ಕೆಳಗೆ ಯಾರಿದ್ದಾರೆ ಅಂತ ನೋಡಿ ವರ್ಗ ಮಾಡಿ. ಕಾಡಿಗೆ ಹರಿಯೋ ಹತ್ತು ಮೀಟರಿನ ಏರಿಗಿಂತ ಅಂಗನವಾಡಿ ಮೇಲಿರೋ ಐದು ಮೀಟರಿನ ಏರಿ ಅಪಾಯ.

2. ಟಿಕೆಟ್ ಇಟ್ಟು ನೀರು ತೋರಿಸೋ ಯಾವುದೇ ಜಾಗ, ರೆಸಾರ್ಟೋ ಹೋಂಸ್ಟೇಯೋ ವಾಟರ್ ಪಾರ್ಕೋ, ತನ್ನ ಏರಿಯನ್ನ ನೋಂದಣಿ ಮಾಡಿಸಲಿ. ಅಡುಗೆಮನೆ ಲೈಸೆನ್ಸಿನ ಪಕ್ಕದಲ್ಲೇ ಇನ್ನೊಂದು ಫ್ರೇಮ್: ಏರಿ ಎಷ್ಟು ಎತ್ತರ, ಕೋಡಿ ಎಷ್ಟು ಅಗಲ, ಕೊನೆಯ ತಪಾಸಣೆ ಯಾವಾಗ, ಮಾಡಿದ ಇಂಜಿನಿಯರ್ ಯಾರು.

3. ಕೋಡಿಗೆ ಹಲಗೆ, ಮೂಟೆ, ಬಲೆ ಹಾಕೋದು ಅಪರಾಧ ಆಗಲಿ. ಇದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ, ಒಂದು ಫೋಟೋ ಸಾಕು.

4. ತಪಾಸಣೆ ವರದಿಯ ಒಂದು ಪ್ರತಿ ಕೆಳಗಿನ ಊರಿನ ಪಂಚಾಯ್ತಿಗೆ, ಕನ್ನಡದಲ್ಲಿ. ಮಳೆಗಾಲದಲ್ಲಿ ಏರಿ ಹತ್ತಿ ನೋಡೋ ಹಕ್ಕು ಆ ಊರಿನವರಿಗೆ. ಇನ್‌ಸ್ಪೆಕ್ಟರಿಗೆ ಲಂಚ ಕೊಡಬಹುದು, ಕೆಳಗೆ ಮಲಗೋ ಮೂವತ್ತು ಮನೆಗೆ ಕೊಡೋದು ಕಷ್ಟ.

ಖಾಸಗಿ ಆಸ್ತಿ, ಯಾರಿಗೇನು ಅನ್ನೋರಿಗೆ ಒಂದು ಹಳೇ ಮೊಕದ್ದಮೆ ನೆನಪಿಸ್ತೀನಿ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ತನ್ನ ಜಮೀನಿನಲ್ಲಿ ನೀರು ನಿಲ್ಲಿಸಿದ, ಅದು ನುಗ್ಗಿ ಪಕ್ಕದವನ ಗಣಿ ಮುಳುಗಿತು. ಅಪಾಯದ ವಸ್ತುವನ್ನ ತಂದಿಟ್ಟುಕೊಂಡವನೇ ಅದು ತಪ್ಪಿಸಿಕೊಂಡಾಗ ಹೊಣೆ ಅಂತ 1868ರಲ್ಲಿ ತೀರ್ಪಾಯಿತು. ಅದೇ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣ. ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ದೆಹಲಿಯ ಅನಿಲ ಸೋರಿಕೆ ಪ್ರಕರಣದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯದ ಉದ್ಯಮ ನಡೆಸೋರಿಗೆ ನೆಪವೇ ಇಲ್ಲ ಅಂದಿತು. ಆದರೆ ಹೊಣೆ ಅನ್ನೋದು ಹೆಣ ಬಿದ್ದ ಮೇಲಿನ ಮಾತು. ತಪಾಸಣೆ ಅದಕ್ಕೆ ಮೊದಲಿನದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ತಜ್ಞರು ಬಂದರು, ವಾರದೊಳಗೆ ತಾತ್ಕಾಲಿಕ ಗೇಟ್ ಇಳಿಸಿದರು. ದೊಡ್ಡ ಡ್ಯಾಮಿಗೆ ದೊಡ್ಡ ಕಣ್ಣುಗಳಿವೆ. ಸಣ್ಣದಕ್ಕೆ ಬೇಕಿರೋದು ಎರಡೇ ಕಣ್ಣು.

ಔಟಿಂಗಿನಿಂದ ಬಂದ ವಾರವೇ ಫೋಟೋ ಸಮೇತ ಒಂದು ಕಚೇರಿಗೆ ಪತ್ರ ಬರೆದೆ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಉತ್ತರ ಬಂತು. ಅವರು ಹೇಳಿದ ಇನ್ನೊಂದು ಕಚೇರಿಗೆ ಬರೆದೆ. ಅವರು ಮೊದಲಿನ ಕಚೇರಿಯ ಹೆಸರು ಹೇಳಿದರು. ಈಗ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಹಾಗಾದರೆ ಯಾರ ವ್ಯಾಪ್ತಿಗೆ ಬರುತ್ತೆ ಅಂತ ಎರಡೂ ಕಡೆ ಕೇಳಿದ್ದೀನಿ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ.

ಮುಂದಿನ ಸಲ ನೀವೂ ಇಂಥ ಜಾಗಕ್ಕೆ ಹೋದರೆ, ಬೋಟು ಹತ್ತೋ ಮುಂಚೆ ಹತ್ತು ನಿಮಿಷ ಏರಿ ಮೇಲೆ ನಡೆದು ಬನ್ನಿ. ಕೋಡಿ ಎಲ್ಲಿದೆ ಅಂತ ಕೇಳಿ. ಗೆಸ್ಟ್ ಕೇಳಿದರೆ ಅವರಿಗೆ ಕಿವಿ ಕೇಳಿಸುತ್ತೆ.

ಇದನ್ನ ಬರೀತಾ ಇರುವಾಗಲೇ ಆ ಅಣ್ಣನಿಗೆ ಫೋನ್ ಮಾಡಿದ್ದೆ. ಅಲ್ಲೂ ಮಳೆಯಂತೆ. "ಹಲಗೆ ತೆಗೆದ್ರಾ ಅಣ್ಣ?" ಅಂದೆ. "ಈಗ ಹೊಂಟಿವ್ನಿ ಸಾ, ನನ್ ಮಗನೂ ಬತ್ತಾವ್ನೆ, ಟಾರ್ಚ್ ಹಿಡಿಯಾಕೆ" ಅಂದರು. ಇವತ್ತು ಶನಿವಾರ.